ಅಳಿಸುವುದಿಲ್ಲ ಎಂದ ಟೇಪಕ್ಕ

ಅವರು ಮಾತನಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ, ಕೈ ನೋಡುತ್ತಿದ್ದರು. ಆ ಕೈಯಲ್ಲಿ ಟೇಪೊಂದು ಇದ್ದರಂತೂ ಮುಗಿಯಿತು. ಕಾಫಿ ಲೋಟ ಹಿಡಿದುಕೊಂಡೇ ಯಾರಾದರೂ ಟೇಪು ಎತ್ತಿಕೊಂಡರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತು. “ಮೊದ್ಲು ಲೋಟ ಕೆಳಗಿಡಿ. ಆಮೇಲೆ ಟೇಪ್ ಕೆಳಗಿಡಿ. ಆಮೇಲೆ ಮಾತು.” ಹೀಗೆ ಹೇಳಿಸಿಕೊಂಡವರಲ್ಲಿ ನಮ್ಮ ಚಾನೆಲ್ಲಿನ ಯಜಮಾನರಿದ್ದರು, ಪಂಚಾಯಿತಿಯ ಮಾಜಿ ಅಧ್ಯಕ್ಷರೊಬ್ಬರಿದ್ದರು, ಬಾಸಿಂಗವನ್ನೂ ಬಿಚ್ಚದೆ ತನ್ನ ಮದುವೆಯ ವಿಡಿಯೋ ನೋಡಲು ಓಡಿಬಂದಿದ್ದ ಮದುಮಗನೊಬ್ಬನೂ ಇದ್ದ.

ಕುಶಾಲನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಒಂದು ಬೇಕರಿಯ ಮೇಲಿನ ಮಾಳಿಗೆಯಲ್ಲಿ ನಮ್ಮ ಲೋಕಲ್ ಕೇಬಲ್ ಚಾನೆಲ್ ಇತ್ತು. ಮೊಬೈಲಿನಲ್ಲಿ ವಿಡಿಯೋ ಇನ್ನೂ ಬಂದಿರದ ಕಾಲ. ನಾನು ಮಾದಾಪುರದಿಂದ ಸುಂಟಿಕೊಪ್ಪದ ಮೇಲೆ ಬಸ್ಸಿನಲ್ಲಿ ಬಂದು ಸಂಜೆಯ ಸುದ್ದಿ ಓದುತ್ತಿದ್ದೆ. ಅವರು ಕ್ಯಾಮೆರಾ ಹಿಡಿಯುತ್ತಿದ್ದರು, ಟೇಪು ಕಾಯುತ್ತಿದ್ದರು. ಅದಕ್ಕೇ ಊರಿಗೆಲ್ಲ ಟೇಪಕ್ಕ. ನಿಜವಾದ ಹೆಸರನ್ನು ಇಲ್ಲಿ ಬರೆದರೆ ಅವರಿಗೆ ಹಿಡಿಸುವುದಿಲ್ಲ. ಕಾರ್ಯಕ್ರಮದ ಕೊನೆಯಲ್ಲಿ ದುಡಿದವರ ಹೆಸರುಗಳು ತೆರೆಯ ಮೇಲೆ ಬರುವಾಗ ತಮ್ಮದನ್ನು ಬಿಟ್ಟುಬಿಡುತ್ತಿದ್ದರು. ಯಾಕಕ್ಕಾ ಎಂದರೆ, “ತಪ್ಪಾದ್ರೆ ಹೆಂಗೂ ನನ್ನೇ ಹುಡುಕ್ಕೊಂಡ್ ಬರ್ತಾರೆ, ಅಡ್ರೆಸ್ ಬೇರೆ ಕೊಡ್ಬೇಕಾ?” ಎನ್ನುತ್ತಿದ್ದರು.

ಹಾಸನದ ಕಡೆಯಿಂದ ಶುಂಠಿ ಬೆಳೆಯಲು ಬಂದು ಇಲ್ಲೇ ನಿಂತ ಮನೆತನ ಅವರದು. ಅಪ್ಪ, ಅಣ್ಣ ಇಬ್ಬರೂ ಹೊಲದಲ್ಲಿದ್ದರೆ ಇವರು ಮೈಸೂರಿನಲ್ಲಿ ಡಿಪ್ಲೊಮಾ ಓದಿ ಬಂದವರು. ಎತ್ತರದ ಆಳು. ಒರಟು ದನಿ. ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದು, ಕಾಲಿಗೆ ಗಂಡಸರ ಕ್ಯಾನ್ವಾಸ್ ಶೂ ಹಾಕಿಕೊಂಡು ಅವರು ಮದುವೆ ಮನೆಗೆ ಬಂದರೆ ಅಡುಗೆಯವರೂ ಒಮ್ಮೆ ತಿರುಗಿ ನೋಡುತ್ತಿದ್ದರು. ನನ್ನ ಅಮ್ಮ ಅವರನ್ನು ಮೊದಲ ಸಲ ನೋಡಿದ ದಿನ ನಮ್ಮ ಅರೆಭಾಷೆಯಲ್ಲಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟಿದ್ದರು: “ಅದ್ಕೆ ಹೆದ್ರಿಕೆಂತ ಒಂದ್ ಇಲ್ಲೆ.” ಅವಳಿಗೆ ಹೆದರಿಕೆಯೆಂಬುದೇ ಇಲ್ಲವೆಂದು.

ಆಗ ನಾವು ಬಳಸುತ್ತಿದ್ದುದು ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದಾದ ಡಿಜಿಟಲ್ ಟೇಪುಗಳನ್ನು. ಒಂದು ಟೇಪಿಗೆ ಒಂದು ಗಂಟೆಯ ಚಿತ್ರ. ಯಜಮಾನರು ಕೆಟ್ಟವರಲ್ಲ, ಆದರೆ ಕೈ ಬಿಗಿ. ಹೊಸ ಟೇಪು ತರಿಸುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಸಂಕಟ. ಇಂದು ತೆಗೆದದ್ದರ ಮೇಲೆಯೇ ನಾಳೆ, ನಾಳಿನದರ ಮೇಲೆ ನಾಡಿದ್ದು. ಹೀಗೆ ಒಂದೇ ಟೇಪಿನಲ್ಲಿ ಶಾಲಾ ವಾರ್ಷಿಕೋತ್ಸವ, ಆನೆ ನುಗ್ಗಿದ ಗದ್ದೆ, ರಸ್ತೆ ತಡೆ ಎಲ್ಲವೂ ಒಂದನ್ನೊಂದು ನುಂಗುತ್ತ ಹೋಗುತ್ತಿದ್ದವು.

ಟೇಪಕ್ಕ ಈ ಮರುಬಳಕೆಗೆ ವಿರೋಧಿಯೇನಲ್ಲ. “ಬಿಸಾಕೋಕೆ ಇದೇನ್ ಎಂಜಲೆಲೆಯಾ?” ಎಂದು ಅವರೇ ಕೇಳುತ್ತಿದ್ದರು. ಆದರೆ ಮರುಬಳಕೆಗೂ ಒಂದು ಮರ್ಯಾದೆ ಇರಬೇಕು. ಹಳೆಯ ಟೇಪನ್ನು ಮೊದಲು ಕೊನೆಯವರೆಗೆ ಓಡಿಸಿ, ಮತ್ತೆ ಮೊದಲಿಗೆ ಸುತ್ತುವರು. ಆಮೇಲೆ ಲೆನ್ಸಿನ ಮುಚ್ಚಳ ತೆಗೆಯದೆಯೇ ಇಡೀ ಟೇಪಿಗೆ ಬರೀ ಕಪ್ಪನ್ನು ರೆಕಾರ್ಡ್ ಮಾಡುವರು. ಹಳೆಯದರ ತುಣುಕು ಹೊಸದರ ನಡುವೆ ಇಣುಕದಂತೆ ಅದೊಂದು ಏರ್ಪಾಡು. ಇದಕ್ಕೆ ಹಿಡಿಯುವ ಹೊತ್ತು ನೋಡಿ ಯಜಮಾನರು ಗೊಣಗಿದರೆ, “ಸಾರಿಸ್ದೆ ರಂಗೋಲಿ ಇಡ್ತಾರಾ ಸಾರ್ ನಿಮ್ಮನೇಲಿ?” ಎನ್ನುವರು. ಚಿತ್ರ ಚೌಕ ಚೌಕವಾಗಿ ಒಡೆಯಲು ಶುರುವಾದ ಟೇಪನ್ನು ಮತ್ತೆ ಕ್ಯಾಮೆರಾಕ್ಕೆ ಹಾಕುತ್ತಿರಲಿಲ್ಲ. ಯಾರೂ ಕದ್ದು ಹಾಕಬಾರದೆಂದು ಅದರ ಬೆನ್ನು ಮುರಿದೇ ಬಿಡುತ್ತಿದ್ದರು.

ನಮ್ಮ ಕಡೆಯ ಮಳೆಗಾಲದಲ್ಲಿ ಬೂಟಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಗೋಡೆಗೆ ತೂಗುಹಾಕಿದ ದೇವರ ಪಟಕ್ಕೂ ಬೂಷ್ಟು. ಟೇಪಿಗೆ ಹಿಡಿದರೆ ಒಳಗಿನ ಚಿತ್ರದ ಕಥೆ ಮುಗಿದಂತೆ. ಟೇಪಕ್ಕ ಹಳೆಯ ಕಬ್ಬಿಣದ ಬೀರುವೊಂದರೊಳಗೆ ಸಣ್ಣ ಬಲ್ಬು ಹಚ್ಚಿಟ್ಟು, ಟೇಪುಗಳನ್ನು ಪುಸ್ತಕದ ಹಾಗೆ ನಿಲ್ಲಿಸಿಡುತ್ತಿದ್ದರು. ಚಪ್ಪಲಿ ಅಂಗಡಿಗಳಲ್ಲಿ ಹೊಸ ಶೂ ಡಬ್ಬಿಯೊಳಗೆ ತೇವ ಹೀರಲು ಇಡುವ ಸಣ್ಣ ಪೊಟ್ಟಣಗಳನ್ನು ಕೇಳಿ ತರುವರು, ಹೆಂಚಿನ ಮೇಲೆ ಹುಷಾರಾಗಿ ಒಣಗಿಸಿ ಅವನ್ನೇ ಮತ್ತೆ ಮತ್ತೆ ಬಳಸುವರು. ದಿನಗಟ್ಟಲೆ ಕರೆಂಟು ಹೋದಾಗ ಹುರಿದ ಅಕ್ಕಿಯನ್ನು ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಸ್ಟೀಲ್ ಡಬ್ಬದಲ್ಲಿ ಟೇಪಿನ ಜೊತೆಗಿಟ್ಟು ಮುಚ್ಚಳ ಒತ್ತುವರು. ಬೇಕರಿಯವನು ಒಮ್ಮೆ ತಮಾಷೆಗೆ, “ಏನಕ್ಕಾ, ಟೇಪಿಗೆ ಅನ್ನಪ್ರಾಶನವಾ?” ಎಂದ. “ಹೂಂ. ನಿನ್ನ ಬನ್ನಿಗಿಂತ ಮೆತ್ತಗಿದೆ ಅಕ್ಕಿ,” ಎಂದು ಹೇಳಿ ಮಹಡಿ ಹತ್ತಿದರು.

ಒಂದು ಮದುವೆ ನೆನಪಾಗುತ್ತದೆ. ದೊಡ್ಡ ಮನೆಯ ಮದುವೆ. ಊಟದ ಹಾಲ್‌ನ ಪಕ್ಕ ಕುರ್ಚಿಗಳು ಸಾಲದೆ ಜನ ನಿಂತಿದ್ದರು. ಟೇಪಕ್ಕ ಮಾತ್ರ ತಮ್ಮ ಟೇಪಿನ ಚೀಲಕ್ಕೆ ಒಂದು ಕುರ್ಚಿ ಕೊಟ್ಟಿದ್ದರು. ನೆಲ ಒದ್ದೆ, ಮೈಕಿನ ಸ್ಪೀಕರಿನ ಪಕ್ಕ ಅಯಸ್ಕಾಂತದ ಭಯ, ಹಾಗಾಗಿ ಕುರ್ಚಿಯೇ ಆಗಬೇಕು. ಹೆಣ್ಣಿನ ಅಪ್ಪ ಸಿಟ್ಟಿನಿಂದ ಬಂದು, “ಯಾರ್ ಕೂತಿರೋದು ಇಲ್ಲಿ?” ಎಂದರು. ಟೇಪಕ್ಕ ಲೆನ್ಸಿನಿಂದ ಕಣ್ಣು ತೆಗೆಯದೆ, “ನಿಮ್ಮ ಮಗಳ ಮದುವೆ ಕೂತಿದೆ. ಎಬ್ಬಿಸ್ತೀರಾ?” ಎಂದರು. ಆ ಮನುಷ್ಯ ಬೆಪ್ಪಾಗಿ ಚೀಲವನ್ನು ನೋಡಿದರು. ಆಮೇಲೆ ತಾವೇ ಅದರ ಪಕ್ಕ ಕಾವಲು ನಿಂತರು.

ಅವರದೂ ಮದುವೆಯಾಗಿತ್ತು. ಮೈಸೂರಿನ ಗಂಡು. ವರ್ಷ ತುಂಬುವ ಮೊದಲೇ ವಾಪಸು ಬಂದಿದ್ದರು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಅದರ ಬಗ್ಗೆ ಅವರ ಬಾಯಿಂದ ಮೊದಲ ಮಾತು ಕೇಳಿದ್ದು ಮಾದಾಪುರದ ಆಚೆಯ ಒಂದು ಕಾಫಿ ಎಸ್ಟೇಟಿಗೆ ನಾವಿಬ್ಬರೂ ವರದಿಗೆ ಹೋದ ದಿನ.

ಆ ಎಸ್ಟೇಟಿನ ಲೈನ್ ಮನೆಗಳಲ್ಲಿ, ಅಂದರೆ ಆಳುಗಳಿಗೆಂದು ಸಾಲಾಗಿ ಕಟ್ಟಿಸಿದ ಮನೆಗಳಲ್ಲಿ, ಮೂರು ತಲೆಮಾರಿನಿಂದ ಇದ್ದ ಜನ. ಅವರ ಹಿರಿಯರನ್ನೆಲ್ಲ ತೋಟದ ಅಂಚಿನ ಒಂದು ಇಳಿಜಾರಿನಲ್ಲಿ ಮಣ್ಣು ಮಾಡಿದ್ದರು. ಕಾಗದದಲ್ಲಿ ಆ ಜಾಗ ಎಸ್ಟೇಟಿನದೇ. ಧಣಿಗೆ ವಯಸ್ಸಾಗಿತ್ತು, ಮಕ್ಕಳು ತೋಟ ಮಾರುತ್ತಾರೆಂಬ ಸುದ್ದಿ ಹಬ್ಬಿತ್ತು. ಲೈನಿನ ಹಿರಿಯ ಹೆಂಗಸು ಮುತ್ತಮ್ಮ ಎಂಬಾಕೆ ಧಣಿಯ ಬಂಗಲೆಗೇ ಹೋಗಿ, “ಧಣಿ, ನಮ್ದುಕ್ಕೆ ಬದುಕಿದ್ರೆ ಇರಾಕೆ ಲೈನ್ ಐತೆ, ಸತ್ರೆ ಇರಾಕೆ ಎಲ್ಲಿ ಹೇಳಿ,” ಎಂದು ಕೇಳಿದ್ದಳಂತೆ. ಆ ಪ್ರಶ್ನೆ ಧಣಿಯನ್ನು ಕುಟುಕಿರಬೇಕು. ಎಲ್ಲರನ್ನೂ ಸೇರಿಸಿ, ಆ ಜಾಗದಲ್ಲೇ ನಿಂತು ಮಾತು ಕೊಡುತ್ತೇನೆಂದರು. ಅದನ್ನು ತೆಗೆಯಲು ನಾವು ಹೋದದ್ದು.

ಹೊರಡುವಾಗ ಕಚೇರಿಯಲ್ಲಿ ಹಾಕುವಂಥ ಒಂದೂ ಟೇಪು ಇರಲಿಲ್ಲ. ಯಜಮಾನರು ಹಳೆಯದೊಂದನ್ನು ಕೊಟ್ಟರು. ಜೀಪಿನಲ್ಲಿ ಹೋಗುತ್ತ ಟೇಪಕ್ಕ ಅದನ್ನು ಓಡಿಸಿ ನೋಡಿದರೆ ಚಿತ್ರವೆಲ್ಲ ಚೂರುಚೂರು. ಅಲ್ಲಿಯೇ ಅದರ ಬೆನ್ನು ಮುರಿದು ಚೀಲಕ್ಕೆ ಹಾಕಿದರು. ಆಮೇಲೆ ಚೀಲದ ತಳದಿಂದ ಇನ್ನೊಂದು ಟೇಪು ತೆಗೆದು, ಮೊದಲಿಗೆ ಸುತ್ತತೊಡಗಿದರು.

“ಇದ್ಯಾವ್ದಕ್ಕಾ?” ಎಂದೆ.

“ನನ್ ಮದುವೇದು.”

ನಾನು ಬಾಯಿ ಬಿಟ್ಟೆ. ಅವರು ನಕ್ಕರು. “ಒಂದೇ ಸಲ ಓಡಿರೋದು ಕಣೇ. ಒಳ್ಳೇ ಕಂಡೀಷನ್‌ನಲ್ಲಿದೆ. ಕಪ್ಪು ತುಂಬೋಕೆ ಮಾತ್ರ ಹೊತ್ತಿಲ್ಲ.”

ಇಳಿಜಾರಿನಲ್ಲಿ ಜನ ನೆರೆದಿದ್ದರು. ಧಣಿ ಊರುಗೋಲು ಹಿಡಿದು ಬಂದರು. ಜೊತೆಗೆ ಎಸ್ಟೇಟಿನ ಲೆಕ್ಕ ನೋಡುವ ರೈಟರ್. ಧಣಿ ಕೋಲೆತ್ತಿ ತೋರಿಸಿದರು: “ಈ ಬಂಡೆಯಿಂದ ಹಿಡ್ದು ಆ ತೋಡಿನವರೆಗೆ, ಮೇಲೆ ಸಿಲ್ವರ್ ಮರದ ಸಾಲಿನವರೆಗೆ, ಇದು ಇವರ ಜಾಗ. ನನ್ ಅಪ್ಪನ ಕಾಲದಿಂದ ಇವರೇ ಇಟ್ಕೊಂಡಿದ್ದಾರೆ. ತೋಟ ಯಾರ ಕೈಗೆ ಹೋದ್ರೂ ಇದನ್ನ ಮುಟ್ಟೋ ಹಾಗಿಲ್ಲ. ನಾನು ಹೇಳ್ತಿದ್ದೇನೆ.” ಟೇಪಕ್ಕ ಬಂಡೆಯಿಂದ ತೋಡಿನ ನೀರಿನವರೆಗೆ, ತೋಡಿನಿಂದ ಮರದ ಸಾಲಿನವರೆಗೆ ಕ್ಯಾಮೆರಾ ಹಿಡಿದು ನಡೆದರು. ಒಂದೊಂದು ಗೋರಿಯ ಮುಂದೂ ನಿಂತು, ಅಲ್ಲಿರುವವರು ಯಾರೆಂದು ಮನೆಯವರಿಂದಲೇ ಹೇಳಿಸಿದರು. ರೈಟರ್ ಗಡಿಯಾರ ನೋಡುತ್ತಿದ್ದ. “ಸುದ್ದಿಗೆ ಇಷ್ಟೆಲ್ಲ ಯಾಕಮ್ಮಾ?” ಎಂದ. “ಸುದ್ದಿಗೆ ಬೇಡ,” ಎಂದರು ಟೇಪಕ್ಕ, “ಇವರಿಗೆ ಬೇಕು.”

ಸಂಜೆ ಸುದ್ದಿಯಲ್ಲಿ ಅದರ ಸಣ್ಣ ತುಣುಕೊಂದು ಹೋಯಿತು. ಟೇಪಿನ ಬೆನ್ನಿನಲ್ಲಿ ಉಗುರಿನಷ್ಟು ಸಣ್ಣ ಗುಂಡಿಯೊಂದಿರುತ್ತದೆ. ಒಂದು ಕಡೆಗೆ ಸರಿಸಿದರೆ ಮೇಲೆ ಹೊಸದನ್ನು ರೆಕಾರ್ಡ್ ಮಾಡಬಹುದು, ಇನ್ನೊಂದು ಕಡೆಗೆ ಸರಿಸಿದರೆ ಆಗದು. ಟೇಪಕ್ಕ ಉಗುರಿನಿಂದ ಅದನ್ನು ಆಚೆಗೆ ಸರಿಸಿ ಬೀರುವಿನಲ್ಲಿಟ್ಟರು.

ಮುಂದಿನ ಕಾಫಿ ಕುಯ್ಲಿನ ಹೊತ್ತಿಗೆ ಧಣಿ ತೀರಿಕೊಂಡರು. ತೋಟ ಕೈ ಬದಲಾಯಿತು. ಹೊಸ ಸಾಹುಕಾರರಿಗೆ ಆ ಇಳಿಜಾರಿನಿಂದ ಕಾಣುವ ಬೆಟ್ಟದ ನೋಟ ಬಹಳ ಹಿಡಿಸಿತ್ತು. ಅಲ್ಲಿ ರೆಸಾರ್ಟ್ ಬರುತ್ತದೆಂದು ಬೋರ್ಡು ಹಾಕಿಸಿದರು, ಬೇಲಿ ಎಳೆಸಿದರು. ನಮ್ಮ ಚಾನೆಲ್ಲಿಗೆ ಅವರೇ ದೊಡ್ಡ ಜಾಹೀರಾತುದಾರರೂ ಆದರು. ಧಣಿಯ ಮಾತಿನ ಟೇಪು ಇಲ್ಲಿದೆಯೆಂದು ಅವರಿಗೆ ಯಾರೋ ಹೇಳಿದ್ದರು.

ಯಜಮಾನರು ನಮ್ಮ ಕೋಣೆಗೆ ಬಂದದ್ದು ಮಧ್ಯಾಹ್ನ. ನಾನು ಸುದ್ದಿ ತಿದ್ದುತ್ತ ಕುಳಿತಿದ್ದೆ. ಅವರು ನೇರವಾಗಿ ಹೇಳಲಿಲ್ಲ. “ಟೇಪ್ ಶಾರ್ಟೇಜ್ ಇದೆಯಲ್ಲಮ್ಮಾ, ಆ ಎಸ್ಟೇಟಿಂದು ಸುಮ್ನೆ ಬಿದ್ದಿದೆ. ನಾಳೆ ಕ್ರಿಕೆಟ್ ಟೂರ್ನಮೆಂಟಿಗೆ ಅದನ್ನೇ ಹಾಕು.”

“ಆ ಟೇಪು ಅಳಿಸೋದಿಲ್ಲ ಸಾರ್.”

“ಎಲ್ಲಾ ಟೇಪೂ ಅಳಿಸ್ತೀವಿ. ಇದಕ್ಕೇನು ಕೋಡಿದೆಯಾ?”

“ಇದರಲ್ಲಿ ಹೆಣ ಇವೆ ಸಾರ್. ಅವುಗಳ ಮೇಲೆ ಕ್ರಿಕೆಟ್ ಆಡಿಸಲ್ಲ ನಾನು.”

ಯಜಮಾನರು ಕೆಂಪಾದರು. “ಟೇಪು ಚಾನೆಲ್ಲಿಂದು. ನಿನ್ನ ಅಪ್ಪನ ಮನೇದಲ್ಲ.”

ಟೇಪಕ್ಕ ಎದ್ದರು. ಬೀರು ತೆಗೆದು ಆ ಟೇಪನ್ನು ಕೈಗೆತ್ತಿಕೊಂಡರು. “ಅಪ್ಪನ ಮನೇದೇ ಸಾರ್. ನನ್ ಮದುವೆಗೆ ಅಪ್ಪ ತೆಗೆಸಿದ್ದು. ನೀವು ಕೊಟ್ಟಿದ್ದ ಟೇಪು ಮುರಿದಿಟ್ಟಿದ್ದೀನಿ, ಅದನ್ನ ಬೇಕಾದ್ರೆ ತಗೊಳ್ಳಿ.” ಬೀರುವಿನ ಬೀಗದ ಕೈಯನ್ನು ಮೇಜಿನ ಮೇಲಿಟ್ಟರು. “ಬಲ್ಬ್ ಆರಿಸ್ಬೇಡಿ. ಮಳೆ ಶುರುವಾಗ್ತಿದೆ.”

ನಾನೂ ಬ್ಯಾಗು ಎತ್ತಿಕೊಂಡು ಅವರ ಹಿಂದೆ ಇಳಿದೆ. ಮೆಟ್ಟಿಲ ಮೇಲೆ ಅವರು ತಿರುಗಿ ನಿಂತು ಗದರಿದರು. “ನೀನೆಲ್ಲಿಗೆ? ಹತ್ತು ಮೇಲೆ. ಒಳಗೆ ಒಬ್ಬರಾದ್ರೂ ನಾಲಿಗೆ ಇರೋರು ಬೇಡ್ವಾ?” ನಾನು ಮತ್ತೆ ಹತ್ತಿದೆ. ಬೇಲಿಯ ಸುದ್ದಿಯನ್ನು ಅಂದು ಸಂಜೆ ಓದಿದೆ. ಯಜಮಾನರು ತಡೆಯಲಿಲ್ಲ. ಅವರಿಗೂ ಒಳಗೆಲ್ಲೋ ಇರುಸುಮುರುಸಾಗಿರಬೇಕು.

ಆಮೇಲಿನ ವರ್ಷಗಳಲ್ಲಿ ಟೇಪಕ್ಕ ಮದುವೆ, ನಾಮಕರಣ ತೆಗೆದುಕೊಂಡು ಬದುಕಿದರು. ಟೇಪಿನ ಕಾಲ ಮುಗಿದು ಕಾರ್ಡುಗಳು ಬಂದವು. ಅವರೂ ಕಾರ್ಡಿನ ಕ್ಯಾಮೆರಾ ಕೊಂಡರು. ಹಳೆಯದನ್ನು ಮಾತ್ರ ಮಾರಲಿಲ್ಲ. ಪ್ರತಿ ಮಳೆಗಾಲ ಮುಗಿದ ಮೇಲೆ ಒಣ ಬಿಸಿಲಿನ ದಿನವೊಂದನ್ನು ನೋಡಿ, ಆ ಟೇಪನ್ನು ಡಬ್ಬದಿಂದ ತೆಗೆದು, ಒಮ್ಮೆ ಕೊನೆಯವರೆಗೆ ಸುತ್ತಿ, ಮತ್ತೆ ಮೊದಲಿಗೆ ಸುತ್ತಿ ಇಡುತ್ತಿದ್ದರು. ಅದೊಂದು ಹಬ್ಬದ ಹಾಗೆ ತಪ್ಪದ ಕೆಲಸ. ಒಂದು ಮಳೆಗಾಲದಲ್ಲಿ ಕಾವೇರಿ ಅವರ ಬೀದಿಗೆ ನುಗ್ಗಿದಾಗ ಮಂಚ, ಟೀವಿ, ಅಕ್ಕಿಮೂಟೆ ಎಲ್ಲವನ್ನೂ ನೀರಿಗೆ ಬಿಟ್ಟು ಸ್ಟೀಲ್ ಡಬ್ಬ ತಲೆಯ ಮೇಲಿಟ್ಟುಕೊಂಡು ಹೊರಬಂದರು. ದೋಣಿಯವನು, “ಜೀವ ಮೊದ್ಲು ಅಕ್ಕಾ, ಡಬ್ಬ ಬಿಡಿ,” ಎಂದನಂತೆ. “ಜೀವ ನಾನ್ ನೋಡ್ಕೊತೀನಿ. ನೀನ್ ಡಬ್ಬ ಹಿಡ್ಕೊ,” ಎಂದರಂತೆ ಇವರು.

ಅತ್ತ ಲೈನಿನ ಜನ ಬೇಲಿಯ ವಿರುದ್ಧ ಅರ್ಜಿ ಹಾಕಿ ಅಲೆಯುತ್ತಿದ್ದರು. ಆ ನಡುವೆ ಸತ್ತವರನ್ನು ದೂರದ ಊರುಗಳಿಗೆ ಗಾಡಿಯಲ್ಲಿ ಒಯ್ಯಬೇಕಾಗಿತ್ತು. ಟೇಪಕ್ಕ ಆ ಟೇಪಿನಿಂದ ನಕಲು ಮಾಡಿಕೊಟ್ಟ ಸೀಡಿಯನ್ನು ಅವರು ತೋರಿಸಿದಾಗ ಸಾಹುಕಾರರ ವಕೀಲರು, ಸೀಡಿಯಲ್ಲಿ ಏನು ಬೇಕಾದರೂ ಜೋಡಿಸಬಹುದು, ಮೂಲ ಟೇಪು ಎಲ್ಲಿ ಎಂದರು. ಅಷ್ಟು ವರ್ಷದ ಟೇಪು ನಮ್ಮ ಮಳೆಯಲ್ಲಿ ಉಳಿದಿರಲಾರದೆಂದು ಅವರ ಧೈರ್ಯ.

ಕಂದಾಯ ಅಧಿಕಾರಿಯ ಮುಂದೆ ವಿಚಾರಣೆಯ ದಿನ ಟೇಪಕ್ಕ ಹಳೆಯ ಕ್ಯಾಮೆರಾ, ವೈರು, ಡಬ್ಬ ಎಲ್ಲವನ್ನೂ ಹೊತ್ತು ಬಂದರು. ನಾನೂ ಜೊತೆಗಿದ್ದೆ. ಆ ಹೊತ್ತಿಗೆ ನಾನು ಚಾನೆಲ್ ಬಿಟ್ಟು ಮಡಿಕೇರಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಿದ್ದೆ. ಕಚೇರಿಯ ಟೀವಿಗೆ ವೈರು ಸಿಕ್ಕಿಸಿದರು. ಟೇಪು ಒಳಗೆ ಹೋಯಿತು. ಒಂದು ಕ್ಷಣ ತೆರೆ ಬರೀ ನೀಲಿ. ಮುತ್ತಮ್ಮ ನನ್ನ ಮೊಣಕೈ ಹಿಡಿದುಕೊಂಡಳು. ಆಮೇಲೆ ಧಣಿ ಬಂದರು, ಊರುಗೋಲಿನ ಸಮೇತ. ಬಂಡೆ, ತೋಡು, ಮರದ ಸಾಲು. ಒಂದೆರಡು ಕಡೆ ಚಿತ್ರ ಒಡೆಯಿತು, ಮಾತು ಒಡೆಯಲಿಲ್ಲ. ಗೋರಿಗಳ ಮುಂದೆ ನಿಂತವರು ಒಬ್ಬೊಬ್ಬರಾಗಿ ಹೆಸರು ಹೇಳಿದರು. ಹಾಗೆ ಹೇಳಿದ್ದವರಲ್ಲಿ ಕೆಲವರು ಆಗಲೇ ಸತ್ತು, ಬೇರೆ ಊರಿನ ಮಣ್ಣಿನಲ್ಲಿದ್ದರು.

ವಕೀಲರು ಎದ್ದರು. “ಇದು ಹಳೇ ಟೇಪಿನ ಮೇಲೆ ಮಾಡಿದ್ದು ಅಂತ ನಮಗೆ ಮಾಹಿತಿ ಇದೆ. ಹೌದೋ ಅಲ್ಲವೋ?”

“ಹೌದು,” ಎಂದರು ಟೇಪಕ್ಕ. “ಮುಂದಕ್ಕೆ ಓಡಿಸ್ತೀನಿ, ನೋಡಿ.”

ಇಳಿಜಾರು ಮುಗಿಯಿತು. ತೆರೆ ಒಮ್ಮೆ ಮಿನುಗಿತು. ನಾದಸ್ವರ ಕೇಳಿಸಿತು. ಹಳದಿ ಸೀರೆಯುಟ್ಟ ಎತ್ತರದ ಮದುಮಗಳೊಬ್ಬಳು ಯಾರದೋ ಮಾತಿಗೆ ಜೋರಾಗಿ ನಗುತ್ತಿದ್ದಳು. ಕೋಣೆಯಲ್ಲಿದ್ದವರೆಲ್ಲ ತೆರೆಯನ್ನೂ ಟೇಪಕ್ಕನನ್ನೂ ತಿರುಗಿ ತಿರುಗಿ ನೋಡಿದರು. ಅಧಿಕಾರಿ ಮೆಲ್ಲಗೆ, “ಇದು ನಿಮ್ಮ ಮದುವೆಯಾ?” ಎಂದು ಕೇಳಿದರು.

“ಹೌದು ಸಾರ್. ಉಳಿದಿರೋದು ಇಷ್ಟೇ.”

ವಕೀಲರು ಸಣ್ಣಗೆ ನಕ್ಕರು. “ಸ್ವಂತ ಮದುವೆಯನ್ನೇ ಅಳಿಸಿದವರು ಇವರ ವಿಷಯ ಅಳಿಸಲಿಲ್ಲ ಅಂತ ನಂಬಬೇಕಾ?”

“ಮದುವೆ ನಂದು, ಅಳಿಸಿದೆ,” ಎಂದರು ಟೇಪಕ್ಕ. ದನಿ ಏರಲಿಲ್ಲ. “ಇದು ಇವರದ್ದು. ಅಳಿಸೋಕೆ ನಾನ್ಯಾರು? ನೀವ್ಯಾರು?”

ಅಧಿಕಾರಿ ಜಾಗಕ್ಕೆ ಬಂದು ನೋಡಿದರು. ಟೇಪಿನ ಬಂಡೆ ಅಲ್ಲಿಯೇ ಇತ್ತು, ತೋಡೂ ಇತ್ತು. ಸಿಲ್ವರ್ ಮರಗಳನ್ನು ಮಾತ್ರ ಕಡಿದಿದ್ದರು. ಬುಡಗಳು ಸಾಲಾಗಿ ಹಾಗೇ ಕಾಣುತ್ತಿದ್ದವು. ಬಹಳ ಓಡಾಟದ ನಂತರ ಆದೇಶ ಬಂತು. ಮೇಲಿನ ಒಂದು ಪಟ್ಟಿ ನೆಲ ಸಾಹುಕಾರರಿಗೇ ಉಳಿಯಿತು, ಮಿಕ್ಕದ್ದು ಲೈನಿನವರ ಸ್ಮಶಾನವೆಂದು ಗುರುತಾಯಿತು. ಆ ಪಟ್ಟಿಯನ್ನು ಬಿಟ್ಟುಕೊಟ್ಟದ್ದಕ್ಕೆ ಟೇಪಕ್ಕ ಕೊನೆಯವರೆಗೂ ಬೈಯುತ್ತಿದ್ದರು.

ಆದೇಶ ಬಂದ ಮೇಲೆ ಮೊದಲು ತೀರಿಕೊಂಡವಳು ಮುತ್ತಮ್ಮನೇ. ಹೆಣ ಹೊತ್ತು ಹೋಗುವಾಗ ಎಸ್ಟೇಟಿನ ಜೀಪೊಂದು ದಾರಿಗೆ ಅಡ್ಡ ನಿಂತಿತ್ತು. ಡ್ರೈವರ್, “ಗಾಡಿ ಕೆಟ್ಟಿದೆ,” ಎಂದ. ಜನ ಗುಜುಗುಜು ಮಾಡಿದರು. ಟೇಪಕ್ಕ ಜೀಪಿನ ಮುಂದೆ ಮೂರುಕಾಲಿನ ಸ್ಟ್ಯಾಂಡ್ ಊರಿ, ಕ್ಯಾಮೆರಾ ಕೂರಿಸಿ, ಅವನ ಮುಖಕ್ಕೇ ತಿರುಗಿಸಿದರು. “ಹೇಳಪ್ಪಾ. ಹೆಸರು ಹೇಳು, ಗಾಡಿಗೆ ಏನಾಗಿದೆ ಹೇಳು, ಯಾರು ನಿಲ್ಲಿಸು ಅಂದ್ರು ಅದನ್ನೂ ಹೇಳು. ನನಗೇನೂ ಅವಸರವಿಲ್ಲ.” ಗಾಡಿ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು.

ಈ ವರ್ಷ ಅವರಿಗೆ ಕಾಯಿಲೆ ಜೋರಾಯಿತು. ನಾನು ನೋಡಲು ಹೋದ ದಿನ ಲೈನಿನಿಂದಲೂ ಒಂದಷ್ಟು ಜನ ಬಂದಿದ್ದರು. ಮುತ್ತಮ್ಮನ ಮಗಳು ಸೆಲ್ವಿ ಹಾಸಿಗೆಯ ಪಕ್ಕ ನಿಂತು, ಸೆರಗು ಹಿಂಡುತ್ತ, “ಅಕ್ಕಾ, ತಪ್ಪು ತಿಳ್ಕೋಬೇಡಿ. ನಾಳೆ ಏನಾದ್ರೂ ಆದ್ರೆ... ಅಮ್ಮನ ಪಕ್ಕ ನಿಮಗೆ ಜಾಗ ಇಟ್ಟಿದೀವಿ,” ಎಂದಳು.

ಟೇಪಕ್ಕ ದಿಂಬಿನಿಂದ ತಲೆ ಎತ್ತಿದರು. ನಿತ್ರಾಣವಾಗಿದ್ದ ಆ ದೇಹಕ್ಕೆ ಅಷ್ಟು ಸಿಟ್ಟು ಎಲ್ಲಿಂದ ಬಂತೋ. “ನಿಮಗೇ ಸಾಲದು ಅದು! ನಿಮ್ಮ ಮಕ್ಕಳು ಮೊಮ್ಮಕ್ಕಳು ಎಲ್ಲಿಗೆ ಹೋಗ್ತಾರೆ? ನನಗೆ ನಮ್ಮಣ್ಣನ ಶುಂಠಿ ಹೊಲ ಇದೆ. ನಿಮ್ಮ ಜಾಗದಲ್ಲಿ ಒಂದಡಿ ನನಗೆ ಕೊಟ್ರೆ ಎದ್ದು ಬಂದು ಬೈತೀನಿ, ನೋಡ್ತಿರಿ.”

ಎರಡು ವಾರವೂ ಆಗಿರಲಿಲ್ಲ, ಹೋದರು. ಅವರು ಹೇಳಿದಂತೆಯೇ ಅಣ್ಣ ತಮ್ಮ ಹೊಲದ ಅಂಚಿನಲ್ಲಿ ಗುಂಡಿ ತೆಗೆಸಿದರು. ಎಲ್ಲರೂ ಮಣ್ಣು ಹಾಕುವ ಹೊತ್ತಿಗೆ ಲೈನಿನವರ ಟೆಂಪೋ ಬಂದು ನಿಂತಿತು. ಹೆಂಗಸರು, ಗಂಡಸರು ಇಳಿದರು. ಸೆಲ್ವಿಯ ಸೊಂಟದ ಮೇಲೆ ಕಾಫಿ ಕುಯ್ಯುವ ಬುಟ್ಟಿ, ಬುಟ್ಟಿಯ ತುಂಬ ಕೆಂಪು ಮಣ್ಣು. ಅವಳು ಗುಂಡಿಯ ಅಂಚಿಗೆ ಬಂದು ಬುಟ್ಟಿಯನ್ನು ಬಗ್ಗಿಸಿದಳು. ಅಷ್ಟೂ ಮಣ್ಣು ಒಮ್ಮೆಗೇ ಸುರಿಯಿತು.

“ಜಾಗ ಕೊಟ್ಟಿಲ್ಲ ಅಕ್ಕಾ, ಅಮ್ಮನ ಪಕ್ಕದ ಮಣ್ಣು ಮಾತ್ರ ತಂದಿದೀವಿ,” ಎಂದಳು ಸೆಲ್ವಿ. ಖಾಲಿ ಬುಟ್ಟಿಯನ್ನು ಮತ್ತೆ ಸೊಂಟಕ್ಕೇರಿಸಿಕೊಂಡು ನಮ್ಮ ಕಡೆ ತಿರುಗಿದಳು. “ಈಗ ಎದ್ದು ಬಂದು ಬೈಲಿ, ನೋಡಾಣ.”